ಮಾಳಿಗೆಯ ಮೇಲಿನ ಕೌದಿ

ಟ್ರಂಕಿನಿಂದ ಹಳೆಯ ಕೆಂಪು ಕೌದಿ ತೆಗೆದೆ. ಒಣಗಿದ ಬೇವಿನೆಲೆಯ ವಾಸನೆ ಬಂತು, ಅದರ ಹಿಂದೆಯೇ ಕಕ್ಕೇರಾದ ಮನೆಯ ಮಾಳಿಗೆಯ ನೆನಪು.

ದೊಡ್ಡಪ್ಪ ವಾಯುಸೇನೆಯಲ್ಲಿ ಪೈಲಟ್ ಆಗಿದ್ದ. ವಿಮಾನದ ಸದ್ದು ಕೇಳಿದರೆ ಸಾಕು, ಅಜ್ಜಿ ಹಿಟ್ಟಿನ ಕೈಯಲ್ಲೇ ಏಣಿ ಹತ್ತಿ, ಮಗನಿಗೆ ಮನೆ ಕಾಣಲೆಂದು ಈ ಕೌದಿ ಹಾಸುತ್ತಿದ್ದಳು. ಅವನು ನಿವೃತ್ತನಾಗಿ ಬಂದ ದಿನವೇ ಕೇಳಿದಳು: “ಕೌದಿ ಕಾಣತಿತ್ತೇನೋ?”

“ಕಾಣತಿತ್ತವ್ವ. ಕೆಂಪಗ.”

ಸಂಜೆ ಕಾಲುವೆಯ ಏರಿಯ ಮೇಲೆ ನನ್ನೊಬ್ಬಳಿಗೇ ಹೇಳಿದ: “ಎರಡು ಸಲ ಈ ಕಡೀಲೆ ಹಾರೀನಿ. ಒಮ್ಮೆನೂ ಕಂಡಿಲ್ಲ. ಮ್ಯಾಲಿಂದ ಎಲ್ಲಾ ಕರಿ ಹೊಲಾನ. ಆಗ ಈ ಕಾಲುವಿ ಇದ್ದಿದ್ರ, ಇದರ ಗುಂಟ ಬಂದು ಊರು ಹುಡುಕ್ತಿದ್ದೆ. ಅವ್ವಗ ಹೇಳಬ್ಯಾಡ.”

ನಾನು ಹೇಳಲಿಲ್ಲ.

ಅಜ್ಜಿ ತೀರಿಹೋದ ಮೇಲೆ, ಸದ್ದು ಕೇಳಿದಾಗಲೆಲ್ಲ ದೊಡ್ಡಪ್ಪನೇ ಕೌದಿ ಹೊತ್ತು ಏಣಿ ಹತ್ತತೊಡಗಿದ. ನೆರೆಮನೆಯ ಸಾಬಮ್ಮ ನಗುತ್ತಿದ್ದಳು: “ಸಾಹೇಬ್ರ, ನೀವೇ ಇಳದು ಬಂದೀರಿ. ಇನ್ನ ಯಾರಿಗ್ರಿ ಅದು?”

“ಮ್ಯಾಲ ವಿಮಾನ ಹಾರಸಾಕತ್ತಾನಲ್ಲ, ಅವಗ. ಅವನೂ ಕೆಳಗ ಮನಿ ಹುಡುಕಾಕತ್ತಿರ್ತಾನ.”

ಇಂದು ಕೌದಿಯನ್ನು ಬಿಸಿಲಿಗೆ ಹಾಸಿದೆ. ಬಹಳ ಎತ್ತರದಲ್ಲಿ ವಿಮಾನವೊಂದು ಬಿಳಿ ಗೆರೆ ಎಳೆಯುತ್ತ ಹೋಯಿತು. ಕೌದಿಯ ಒಂದು ಮೂಲೆ ಮಡಚಿಕೊಂಡಿತ್ತು. ಬಿಡಿಸಿದೆ.