ಪಾಟಿಯ ಅರ್ಧಕ್ಕೆ ವಿಭೂತಿ

ಗೌರಿ, ಶಿವು, ನಿಮ್ಮ ಮುತ್ತಜ್ಜನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಮಳೆ ಬಿದ್ದ ಮರುದಿನ ಆ ಉಗುರಿನಿಂದಲೇ ಅವರು ಮರೋಳದ ಗಾಯರಾಣದಲ್ಲಿ, ದನ ಮೇಯುವ ಹುಲ್ಲು ಸರಿಸಿ, ಅಂಗಿಯ ಗುಂಡಿಗಿಂತ ತುಸು ದೊಡ್ಡ ಅಣಬೆಗಳನ್ನು ಬುಡಸಮೇತ ಎಬ್ಬಿಸಿ ತರುತ್ತಿದ್ದರು. ನಿವೃತ್ತ ಶಾಲಾ ಮಾಸ್ತರರು, ನನ್ನ ಮಾವ.

ತಂದದ್ದನ್ನು ಕೂಡಲೇ ಒಲೆಗೆ ಇಡುವಂತಿರಲಿಲ್ಲ. ಅಣಬೆಯ ಕಾಲು ತಿರುವಿದರೆ ಮುರಿಯದೆ ಬಳುಕಬೇಕು. ಆಮೇಲೆ ಮಕ್ಕಳು ಬರೆಯುವ ಹಳೆಯ ಪಾಟಿಯ ಅರ್ಧಕ್ಕೆ ವಿಭೂತಿ ಬಳಿದು, ಇನ್ನರ್ಧ ಕರಿದಾಗಿಯೇ ಬಿಟ್ಟು, ಒಂದು ಅಣಬೆಯ ಕೊಡೆ ಕತ್ತರಿಸಿ ನಡುವೆ ಇಟ್ಟು ಬಟ್ಟಲು ಮುಚ್ಚುತ್ತಿದ್ದರು. ಬೆಳಗಾಗುವಷ್ಟರಲ್ಲಿ ಕೊಡೆಯ ಅಡಿಯಿಂದ ಪುಡಿ ಉದುರಿರುತ್ತಿತ್ತು. ಬಿಳಿಯಾದರೆ ಕರಿಯ ಕಡೆ ಕಾಣುತ್ತದೆ, ಕಂದು ಬಣ್ಣವಾದರೆ ವಿಭೂತಿಯ ಕಡೆ. ಕಂದು ಬಿದ್ದರೆ ವಿಷವೆಂದು ಚೆಲ್ಲಿಬಿಡುವರು. ಬಿಳಿ ಬಿದ್ದರೂ ಮತ್ತೆ ಮತ್ತೆ ಮೂಸಿ, ತಿರುಗಿಸಿ ನೋಡುವರು. “ಸಂಶಯ ಬಂತಂದ್ರ ತಿಪ್ಪಿಗೆ,” ಅನ್ನುವರು.

ಮದುವೆಯಾಗಿ ಆರು ವರ್ಷವಾದರೂ ನಾನು ಅವರೆದುರು ಬಾಯಿ ತೆರೆದವಳಲ್ಲ. ಹೊಲ, ನೀರು, ಒಲೆ ಎಂದು ದಣಿದು, ಮಾತೂ ಬೇಡವಾಗಿತ್ತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಅವರ ಕಣ್ಣಿಗೆ ಪೊರೆ ಬಂತು. ಯಾರಿಗೂ ಹೇಳಲಿಲ್ಲ. ಒಂದು ಬೆಳಗ್ಗೆ ಬಟ್ಟಲು ಎತ್ತಿ, “ಬೆಳ್ಳಗ ಬಿದ್ದೈತಿ, ಹುರಿ,” ಅಂದರು. ಅತ್ತೆ ಬಾಣಲೆ ಇಟ್ಟರು. ಮೂರು ವರ್ಷದ ನಿಮ್ಮಪ್ಪ ತಟ್ಟೆ ಹಿಡಿದು ಕೂತೇ ಬಿಟ್ಟಿದ್ದ.

ಪಾಟಿ ತೊಳೆಯಲು ಒಯ್ದವಳು ಬಾಗಿಲಲ್ಲೇ ನಿಂತೆ. ಕರಿಯ ಕಡೆ ಏನೂ ಇರಲಿಲ್ಲ. ವಿಭೂತಿಯ ಮೇಲೆ ಕಂದು ಗೆರೆಗಳಿದ್ದವು. ಮಾವ ವಿಭೂತಿಯ ಬಿಳುಪನ್ನೇ ಪುಡಿ ಅಂದುಕೊಂಡಿದ್ದರು.

“ಅದು ಬ್ಯಾಡ್ರಿ, ಮಾವಾರ,” ಅಂದೆ.

ಅತ್ತೆ ಗಕ್ಕನೆ ತಿರುಗಿದರು. “ಮಾಸ್ತರಿಗೇ ಸಾಲಿ ಕಲಿಸ್ತೀಯೇನ?”

ಮಾವ ಪಾಟಿಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು. ಬೆಳಕಿಗೆ ಒಯ್ದರು. ಕೊನೆಗೆ ನನ್ನ ಕೈಗೇ ಕೊಟ್ಟರು.

“ನನಗ ಕಾಣವಲ್ದವಾ. ನೀನ ಹೇಳು, ಯಾವ ಬಣ್ಣ?”

“ಕಂದು ಐತ್ರಿ.”

“ತಿಪ್ಪಿಗೆ ಚೆಲ್ಲು,” ಅಂದರು ಅತ್ತೆಗೆ. “ಸೊಸಿ ಖರೆ ಹೇಳ್ಯಾಳ.”

ಅಂದಿನಿಂದ ಬಟ್ಟಲು ಎತ್ತುವುದು ನನ್ನ ಪಾಲಿಗೆ ಬಂತು. ಅವರು ಕಟ್ಟೆಯ ಮೇಲೆ ಕೂತು, “ಏನ್ ಅಂತೈತವಾ ಪಾಟಿ?” ಎಂದು ಕೇಳುತ್ತಿದ್ದರು. ಹೇಳುತ್ತ ಹೇಳುತ್ತ ನನಗೆ ಬೇರೆ ಮಾತೂ ಬಂತು. ಒಂದು ವರ್ಷ ಮಳೆಗಾಲಕ್ಕೆ ಮೊದಲೇ ಅವರು ತೀರಿಕೊಂಡರು. ಮುಂದೆ ನಿಮ್ಮಜ್ಜನೂ ಹೋದ ಮೇಲೆ, ಹುನಗುಂದದ ತಾಲೂಕು ಕಚೇರಿಯಲ್ಲಿ ಸಾಹೇಬರೆದುರು ಒಬ್ಬಳೇ ನಿಂತು ಹೊಲದ ಹಕ್ಕಿನ ಮಾತಾಡಿದೆನಲ್ಲ, ಆ ಬಾಯಿ ಅವರು ಕೊಟ್ಟದ್ದು.

ಇದನ್ನು ಓದಿ ಅಣಬೆ ಕಿತ್ತು ತಿನ್ನಬೇಡಿ. ಪುಡಿಯ ಬಣ್ಣವೊಂದರಿಂದ ಏನೂ ತಿಳಿಯುವುದಿಲ್ಲ. ಕೈ ಸೋತಿದೆ, ಸಾಕು. ಪಾಟಿ ಎಂದೋ ಒಡೆಯಿತು. ಈ ಹಾಳೆಗಳನ್ನಾದರೂ ಜೋಪಾನವಾಗಿಡಿ.