ಮಾಸ್ತರರು ಬೆಸೆದ ಕಾರ್ಡ್

ಮೊನ್ನೆ ಆಳಂದದ ನನ್ನ ಕಂಪ್ಯೂಟರ್ ಅಂಗಡಿಯಲ್ಲಿ ಒಂದು ಬಿಸ್ಕೀಟು ಡಬ್ಬಿಯ ಮುಚ್ಚಳ ತೆಗೆದೆ. ಬೆಸುಗೆಗೆ ಬಳಸುವ ರಾಳದ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಒಳಗೆ ಕಂಪ್ಯೂಟರಿಗೆ ಸಿಕ್ಕಿಸುವ, ಅಂಗೈಯಗಲದ ಹಳೆಯ ಸರ್ಕ್ಯೂಟ್ ಕಾರ್ಡ್. ಡಬ್ಬಿ ತಂದವರು ಜೇವರ್ಗಿಯ ನಮ್ಮ ಮಾಸ್ತರರ ಹೆಂಡತಿ. ಮಾಸ್ತರರು ತೀರಿಕೊಂಡು ತಿಂಗಳಾಗಿತ್ತಂತೆ. ನನಗೆ ಗೊತ್ತೇ ಇರಲಿಲ್ಲ... ಗೊತ್ತಾಗಲು ನಾನು ಆ ಕಡೆ ಹೋಗಿದ್ದಾದರೂ ಯಾವಾಗ?

ಐಟಿಐಯಲ್ಲಿ ನನಗೆ ಬೆಸುಗೆ ಹಾಕಲು ಕಲಿಸಿದವರು ಅವರು. ನಿವೃತ್ತರಾದ ಮೇಲೆ ಮಕ್ಕಳ ಕಿವಿ ಪರೀಕ್ಷಿಸಲೆಂದು ಈ ಕಾರ್ಡನ್ನು ತಾವೇ ಮಾಡಿದ್ದರು. ಹಳೆಯ ಕಂಪ್ಯೂಟರಿನ ಐಎಸ್ಎ ಎಂಬ ಹಳೆಯ ಕಾಲದ ಸ್ಲಾಟಿನಲ್ಲಿ ಕೂರಿಸಿ, ಅದನ್ನು ನಡೆಸುವ ಡ್ರೈವರ್ ಎಂಬ ಪ್ರೋಗ್ರಾಮನ್ನೂ ತಾವೇ ಬರೆದಿದ್ದರು. ಹೆಡ್‌ಫೋನಿನಲ್ಲಿ ಕುಂಯ್ ಎಂದಾಗಲೆಲ್ಲ ಮಗು ಒಂದು ಹುಣಸೆಬೀಜವನ್ನು ತಾಟಿಗೆ ಹಾಕಬೇಕು. ಹಾಕದಿದ್ದರೆ ಮಾಸ್ತರರು ಚೀಟಿ ಬರೆದು ದೊಡ್ಡ ಡಾಕ್ಟರ ಬಳಿ ಕಳಿಸುತ್ತಿದ್ದರು. ಅಫಜಲಪುರದ ಕಡೆಯಿಂದಲೂ ಜನ ಬರುತ್ತಿದ್ದರು.

ನಾನೋ, ಆಗಷ್ಟೇ ಅಂಗಡಿ ಇಟ್ಟ ಮಹಾಬುದ್ಧಿವಂತ! ಕಂಪ್ಯೂಟರ್ ನಿಧಾನವಾಗಿದೆ ಎಂದು ಅವರು ಕರೆಸಿದರೆ, ಒಂದು ಮಾತೂ ಕೇಳದೆ ಡಿಸ್ಕನ್ನು ಪೂರ್ತಿ ಅಳಿಸಿ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿದೆ. ಅದು ಹಳೆಯ ಸ್ಲಾಟಿನ ಕಾರ್ಡನ್ನು ಗುರುತಿಸಲೇ ಇಲ್ಲ. ಅವರ ಡ್ರೈವರ್ ಇದ್ದದ್ದು ನಾನು ಅಳಿಸಿದ ಡಿಸ್ಕಿನಲ್ಲಿ. ಬೇರೆ ಪ್ರತಿ ಇರಲಿಲ್ಲ. ತಪ್ಪಾಯಿತು ಎನ್ನಲು ನಾಲಿಗೆ ಏಳಲಿಲ್ಲ.

“ನಿಮ್ಮ ಡ್ರೈವರ್ ಹೊಸ ಸಿಸ್ಟಂಗ ಹೊಂದಿಸಿ ನೋಡೀನ್ರಿ ಮಾಸ್ತರ್. ಕಾರ್ಡೇ ಸುಟ್ಟದ,” ಎಂದೆ.

“ಹೌದೇನಲೇ? ನನ್ನ ಬೆಸುಗೇನೇ ಕಚ್ಚಾ ಇತ್ತೇನೋ... ನೀ ನೋಡಿದಿ ಅಂದಮ್ಯಾಲ ಮುಗೀತು,” ಎಂದರು.

ಹೊರಗೆ ಒಬ್ಬ ತಾಯಿ ಮಗಳ ಕೈ ಹಿಡಿದು ಕಾದಿದ್ದಳು. ಮಾಸ್ತರರು ಅವಳಿಗೆ ಕೈಮುಗಿದು ವಾಪಸ್ ಕಳಿಸಿದರು. ನಾನು ಅಲ್ಲೇ ನಿಂತು ನೋಡಿದೆ. ಥೂ, ನನ್ನ ಜನ್ಮಕ್ಕಿಷ್ಟು! ಆಮೇಲೆ ಅವರ ಮನೆಯ ಕಡೆ ಮುಖ ಹಾಕಲಿಲ್ಲ.

ಮೊನ್ನೆ ಡಬ್ಬಿಯ ಆ ಕಾರ್ಡನ್ನು ತಿರುಗಿಸಿ ನೋಡಿದೆ. ಒಂದೊಂದು ಬೆಸುಗೆಯನ್ನೂ ಬಿಚ್ಚಿ ಮತ್ತೆ ಹಾಕಿದ್ದರು, ಒಂದು ಸಲವಲ್ಲ, ಎಷ್ಟೋ ಸಲ.

“ಕಣ್ಣು ಕಾಣೋತನಕ ಅದರ ಮುಂದೇ ಕುಂತಿದ್ರಪ್ಪಾ. ಎಲ್ಲಿ ತಪ್ಪೀನಿ, ಎಲ್ಲಿ ತಪ್ಪೀನಿ ಅಂತಿದ್ರು. ನಿನಗ ಕೊಡು ಅಂದಿದ್ರು. ಏನಾಗಿತ್ತು ಇದಕ್ಕ?” ಎಂದು ಮಾಸ್ತರರ ಹೆಂಡತಿ ಕೇಳಿದರು.

“ಏನೂ ಆಗಿರ್ಲಿಲ್ರಿ ಅಮ್ಮಾ. ಡ್ರೈವರ್ ನಾನೇ ಅಳಿಸಿದ್ದೆ. ಸುಳ್ಳು ಹೇಳಿದೆ.”

ಅವರು ಕಾರ್ಡನ್ನು ಇಸಿದುಕೊಂಡು ಸೆರಗಿನಿಂದ ಒರೆಸಿದರು. ಆಮೇಲೆ ಮೆಲ್ಲಗೆ,

“ಇಷ್ಟು ಹೇಳಿದ್ದರ ಅವ್ರು ಇನ್ನೊಮ್ಮೆ ಬರೀತಿದ್ರಲ್ಲೋ,” ಎಂದರು.