ಏಳು ಗಂಟೆಗೆ ಮತ್ತೆ ಎದ್ದ ನೀರು

ನಾನು ನಿಂತಿದ್ದು ಗೇಟಿನ ಒಳಗೆ, ಕಾರು ನಿಲ್ಲಿಸುವ ಸಿಮೆಂಟ್ ನೆಲದ ಮೇಲೆ. ಬೆಳಗಿನ ಏಳು ಗಂಟೆ. ಮೂರು ವರ್ಷದ ಹಿಂದಿನ ಮಾತು. ಅರಸೀಕೆರೆಯಿಂದ ಮಾಲೇಕಲ್ಲಿಗೆ ಹೋಗುವ ರಸ್ತೆಯ ಬದಿ, ಕೊಬ್ಬರಿ ವ್ಯಾಪಾರಿ ನಂಜುಂಡಪ್ಪನವರ ಮನೆ. ಸ್ಪ್ರಿಂಕ್ಲರ್ ಜೋಡಿಸುವುದು ನನ್ನ ಕೆಲಸ. ಅರಸೀಕೆರೆ, ಬೇಲೂರು, ಹಳೇಬೀಡು ಮೂರೂ ಕಡೆ ಆಗ ನಾನೇ ಓಡಾಡುತ್ತಿದ್ದೆ. ಅವರ ಲಾನಿಗೂ ನಾನೇ ಜೋಡಿಸಿದ್ದೆ. ಅವತ್ತು ಅವರ ಮೊಮ್ಮಗಳ ನಾಮಕರಣ. ಹಳೇಬೀಡಿಗೆ ಹೊರಟಿದ್ದವನನ್ನು "ತಿಂಡಿ ತಿನ್ಕಂಡು ಹೋಗಯ್ಯ" ಎಂದು ಕರೆದಿದ್ದರು.

ಆ ಲಾನಿಗೆ ಎರಡು ಲೈನ್: ಮನೆಯ ಮುಂದಕ್ಕೊಂದು, ಹಿಂದಕ್ಕೊಂದು. ವರಾಂಡದ ಗೋಡೆಯಲ್ಲಿರುವ ಕಂಟ್ರೋಲರ್ ಎಂಬ ಪುಟ್ಟ ಪೆಟ್ಟಿಗೆ, ಹೇಳಿದ ಹೊತ್ತಿಗೆ ಪಂಪ್ ಚಾಲೂ ಮಾಡಿ ಒಂದೊಂದೇ ಲೈನಿಗೆ ನೀರು ಬಿಡುತ್ತದೆ. ನೀರು ನುಗ್ಗಿದಾಗ ಹುಲ್ಲಿನೊಳಗೆ ಹುದುಗಿದ ನಳಿಕೆಗಳು ಮೇಲೆದ್ದು ಚಿಮ್ಮುತ್ತವೆ, ನಿಂತಾಗ ಒಳಗಿಳಿಯುತ್ತವೆ. ಆಮೇಲೆ ಅಲ್ಲಿ ಹುಲ್ಲು ಬಿಟ್ಟು ಬೇರೇನೂ ಕಾಣುವುದಿಲ್ಲ.

ಮುಂದಿನ ಲಾನಿನಲ್ಲಿ ಶಾಮಿಯಾನ ಹಾಕಿತ್ತು. ಮೈಕ್ ಸೆಟ್ಟಿನ ಜಬೀವುಲ್ಲಾ "ಹಲೋ, ಹಲೋ" ಎಂದು ಪರೀಕ್ಷಿಸುತ್ತಿದ್ದ. ಅವನ ವೈರ್ ಹುಲ್ಲಿನ ಮೇಲೆ ಹಾದುಹೋಗಿತ್ತು. ನಡುವೆ ಒಂದು ಜಾಯಿಂಟ್. ಸುತ್ತಿದ ಟೇಪು ಅರ್ಧ ಬಿಚ್ಚಿಕೊಂಡಿತ್ತು. ಅವನಿಗೆ ಹೇಳಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ನಂಜುಂಡಪ್ಪನವರ ಹೆಂಡತಿ ಗಂಗಮ್ಮ, ಮಗುವಿಗೆ ಎಳೆಬಿಸಿಲು ಕಾಯಿಸಲು, ಬರಿಗಾಲಲ್ಲಿ ಹುಲ್ಲಿಗಿಳಿದರು.

ಆಗ ನೀರು ಎದ್ದಿತು.

ಗಂಗಮ್ಮ ಮಗುವನ್ನು ಎದೆಗವಚಿಕೊಂಡು ನೀರಿಗೆ ಬೆನ್ನು ಕೊಟ್ಟರು. ತಪ್ಪಿಸಿಕೊಳ್ಳಲು ಶಾಮಿಯಾನದ ಕಡೆ ನಡೆದರು. ಜಾಯಿಂಟ್ ಇದ್ದದ್ದು ಅದೇ ದಾರಿಯಲ್ಲಿ.

"ಏಯ್, ನೀರು ನಿಲ್ಸೋ, ನೀರು!" ಎಂದು ನಂಜುಂಡಪ್ಪ ಕೂಗಿದರು.

"ನೀರಲ್ಲ, ಕರೆಂಟು! ಅಮ್ಮ, ಅಲ್ಲೇ ನಿಂತ್ಕಳಿ! ವೀಣಮ್ಮ, ಮೇನ್ ತೆಗೀರಿ!" ಎಂದೆ ನಾನು.

ಮಗುವಿನ ತಾಯಿ ವೀಣಾ ವರಾಂಡದಲ್ಲಿ, ಮೀಟರ್ ಬೋರ್ಡಿನ ಪಕ್ಕದಲ್ಲೇ ಇದ್ದರು. ಏಕೆ ಎಂದು ಕೇಳಲಿಲ್ಲ. ತಿರುಗಿ ಮೇನ್ ಸ್ವಿಚ್ ಕೆಳಗೆಳೆದರು. ಮೈಕು ಸತ್ತಿತು. ಪಂಪೂ ನಿಂತಿದ್ದರಿಂದ ನಳಿಕೆಗಳು ಒಂದೊಂದಾಗಿ ಹುಲ್ಲಿನೊಳಗೆ ಇಳಿದವು. ಗಂಗಮ್ಮನಿಗೂ ಜಾಯಿಂಟಿಗೂ ನಡುವೆ ಒಂದು ಮಾರು ಜಾಗವಿತ್ತು. ಶಾಕ್ ಹೊಡೆಯುತ್ತಿತ್ತೇ ಎಂದು ನಾನು ಆಣೆ ಮಾಡಿ ಹೇಳಲಾರೆ. ಹುಲ್ಲು ನೆನೆದಿತ್ತು, ವೈರಿನ ತಾಮ್ರ ಹೊರಗೆ ಕಾಣುತ್ತಿತ್ತು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ಕಂಡದ್ದು ಇಷ್ಟು.

ಮಗು ಒಮ್ಮೆ ಸೀನಿತು. ಆ ಸದ್ದು ಕೇಳಿದ ಮೇಲೆಯೇ ನಾನು ಉಸಿರು ಬಿಟ್ಟದ್ದು.

"ನೀನು ಹಾಕಿದ್ ಮಿಷನ್ನಿಗೆ ಹುಚ್ಚು ಹಿಡದೈತೆ ಕಣಯ್ಯ," ಎಂದರು ನಂಜುಂಡಪ್ಪ. "ಆರೂವರೆಗೇ ಇಲ್ಲಿ ನೀರು ನಿಂತಿತ್ತು. ನಾನೇ ನೋಡಿವ್ನಿ."

ಜಬೀವುಲ್ಲಾ ವೈರ್ ಸುತ್ತಿ ಎತ್ತಿದ ಮೇಲೆ ಮೇನ್ ಹಾಕಿಸಿ ಪೆಟ್ಟಿಗೆ ತೆರೆದೆ. ನಾನು ಇಟ್ಟಿದ್ದದ್ದು ಎಂಟು ಗಂಟೆ, ಒಂದೇ ಸ್ಟಾರ್ಟ್ ಟೈಮ್. ಈಗ ಅಲ್ಲಿ ಎರಡಿದ್ದವು: ಆರು ಮತ್ತು ಆರೂವರೆ.

"ರಾತ್ರಿ ನಾನೇ ಬದಲಾಯಿಸ್ದೆ," ಎಂದರು ನಂಜುಂಡಪ್ಪ. "ಜನ ಬರೋದ್ರೊಳಗೆ ಒಣಗ್ಲಿ ಅಂತ. ಆರು ಮುಂದ್ಗಡೆಗೆ, ಆರೂವರೆ ಹಿಂದ್ಗಡೆಗೆ. ತೋಟದಾಗೆ ಒಂದ್ ಗೇಟ್‌ವಾಲ್ ಮುಚ್ಚಿ ಇನ್ನೊಂದು ತಿರುಗಿಸಲ್ವಾ? ಹಂಗೆ."

ತೆಂಗಿನ ತೋಟದಲ್ಲಿ ಅದು ಸರಿ. ಈ ಪೆಟ್ಟಿಗೆಯಲ್ಲಿ ಸ್ಟಾರ್ಟ್ ಟೈಮ್ ಒಂದು ಲೈನಿಗೆ ಸೇರಿದ್ದಲ್ಲ, ಎರಡೂ ಲೈನಿನ ಇಡೀ ಸುತ್ತಿಗೆ ಸೇರಿದ್ದು. ಆರಕ್ಕೆ ಹೊರಟ ಸುತ್ತು ಮುಂದಿನ ಲೈನಿಗೆ ಅರ್ಧ ಗಂಟೆ, ಹಿಂದಿನದಕ್ಕೆ ಅರ್ಧ ಗಂಟೆ ನೀರು ಕೊಟ್ಟು ಏಳಕ್ಕೆ ಮುಗಿಯಿತು. ಆರೂವರೆಯ ಸುತ್ತು ಅಲ್ಲಿಯವರೆಗೆ ಸರದಿ ಕಾದು, ಏಳಕ್ಕೆ ಮತ್ತೆ ಮುಂದಿನ ಲೈನಿನಿಂದ ಶುರುವಾಯಿತು. ಯಂತ್ರ ಹೇಳಿದಂತೆಯೇ ಕೇಳಿತ್ತು.

ಗಂಗಮ್ಮ ಸೆರಗು ಹಿಂಡಿಕೊಳ್ಳುತ್ತಾ ಗಂಡನ ಮುಖ ನೋಡಿದರು. "ಮಗೀಗೆ ಸ್ನಾನ ನಾವ್ ಮಾಡುಸ್ತೀವಿ ಕಣ್ರೀ. ನಿಮ್ಮ ಮಿಷನ್ ಬ್ಯಾಡ." ಎಲ್ಲರೂ ನಕ್ಕರು.

ಅಂದಿನಿಂದ ಯಾರ ಮನೆಯಲ್ಲಿ ಜೋಡಿಸಿದರೂ ಮನೆಯವರಿಂದಲೇ ಒಂದು ಪ್ರಶ್ನೆಗೆ ಉತ್ತರ ಹೇಳಿಸಿಕೊಂಡು ಬರುತ್ತೇನೆ: ನೀರು ಎಷ್ಟು ಹೊತ್ತಿಗೆ ನಿಲ್ಲುತ್ತದೆ? ಶುರುವಾಗುವ ಹೊತ್ತು ಪೆಟ್ಟಿಗೆಯಲ್ಲೇ ಕಾಣುತ್ತದೆ. ನಿಲ್ಲುವ ಹೊತ್ತನ್ನು ನಾವೇ ಲೆಕ್ಕ ಕೂಡಿ ತಿಳಿಯಬೇಕು.

ಇದನ್ನು ನನ್ನೊಂದಿಗೆ ಕಂಡವರು ನಂಜುಂಡಪ್ಪ, ಜಬೀವುಲ್ಲಾ, ವೀಣಾ ಮತ್ತು ಗಂಗಮ್ಮ. ನಾಲ್ವರೂ ಇದ್ದಾರೆ. ಕಂಡರೂ ನೆನಪಿಲ್ಲದವಳು ಒಬ್ಬಳು. ಅವಳೂ ಇದ್ದಾಳೆ, ನೀರು ಎದ್ದರೆ ಅದೇ ಹುಲ್ಲಿಗೆ ಓಡುತ್ತಾಳಂತೆ.